ಗೇಟಿಗೆ ನೇತುಹಾಕಿದ ಪದ

ಇಗ್ನೇಷಿಯಸ್ ಮಾಡಿದ ತಪ್ಪು ಇಷ್ಟೇ: ಇಬ್ಬರಿಗೆಂದು ಆಯಿಲ್‌ಡೌನ್ ಬೇಯಿಸಲು ಹೊರಟದ್ದು. ದೀವಿಹಲಸು, ಉಪ್ಪು ಹಾಕಿದ ಹಂದಿಮಾಂಸ, ಕೆಸುವಿನೆಲೆ ಎಲ್ಲ ತೆಂಗಿನಹಾಲಿನಲ್ಲಿ ಕುದಿಯುವ ಆ ಹಂಡೆಯನ್ನು ಗ್ರೆನಡಾದಲ್ಲಿ ಯಾವ ಪುಣ್ಯಾತ್ಮನಾದರೂ ಇಬ್ಬರಿಗೆಂದು ಒಲೆಗೇರಿಸಿದ್ದುಂಟೇ? ಘಮ ಬಡಿದವರೆಲ್ಲ ಹಂಡೆಗೆ ಹಾಕಲು ಏನಾದರೊಂದು ಹಿಡಿದು ಬಂದೇ ಬರುತ್ತಾರೆ.

ಆದರೆ ಮಿಸ್ ಎಲ್ವೈರಾಗೆ ಅದೇ ಪ್ರಾಣ. ಆಕೆ ಇವತ್ತು ಮಧ್ಯಾಹ್ನದ ಹಡಗಿಗೆ ಟ್ರಿನಿಡಾಡಿನ ತಂಗಿಯ ಮನೆಗೆ ಹೋಗಿಬಿಡುತ್ತಾಳೆ, ಇನ್ನು ವಾಪಸ್ಸಿಲ್ಲ. "ಬಂದರಿಗೆ ಹೋಗೋ ದಾರೀಲಿ ಬಂದು ಹೇಳಿಹೋಗ್ತೀನಿ" ಅಂದಿದ್ದಳು. ಮದುವೆಯ ಮಾತೆತ್ತಲು ದರ್ಜಿ ಇಗ್ನೇಷಿಯಸ್‌ಗೆ ಉಳಿದದ್ದು ಅದೊಂದೇ ಗಳಿಗೆ.

ಅದಕ್ಕೇ ಗೇಟಿಗೆ ಬೋರ್ಡು ನೇತುಹಾಕಿದ: 'ಇಂಟ್ರೂಸಿವ್ ಜನರಿಗೆ ಪ್ರವೇಶವಿಲ್ಲ.' ಪಾದ್ರಿಗಳ ಬಾಯಲ್ಲಿ ಕೇಳಿದ್ದ ಪದ.

ಮೊದಲು ನುಗ್ಗಿದವಳು ಬೀದಿಗೆಲ್ಲ ಚಿಕ್ಕಮ್ಮನಾದ ಪಕ್ಕದ ಮನೆಯ ಟ್ಯಾಂಟಿ ಯೂನಿಸ್, ಕೈಯಲ್ಲಿ ಬಾಳೆಕಾಯಿ.

"ಒಳ್ಳೇ ಬೋರ್ಡ್ ಹಾಕ್ದೆ ಕಣಪ್ಪಾ! ಏನು ಹಂಗಂದ್ರೆ?"

"ಕರೀದೇ ಬರೋರು ಅಂತ, ಟ್ಯಾಂಟಿ."

"ಹಾಗಾದ್ರೆ ಆ ಕತ್ಬರ್ಟನೇ! ಅವನಿಗೆ ಹಿಂಗೇ ಆಗ್ಬೇಕು. ಸೌಟು ಎಲ್ಲಿ? ಉಪ್ಪು ನೋಡ್ತೀನಿ."

ಅಷ್ಟರಲ್ಲಿ ನಿವೃತ್ತ ಪೊಲೀಸ್ ಕತ್ಬರ್ಟ್ ಒಣಮೀನು ಹಿಡಿದು ಬಂದೇಬಿಟ್ಟ. "ಬರೀ ಕರೀದೇ ಬರೋರಲ್ಲಮ್ಮ. ಬೇಡದ ಪ್ರಶ್ನೆ ಕೇಳೋದೂ ಇಂಟ್ರೂಸಿವ್ವೇ. ಅದಿರ್ಲಿ ಇಗ್ನೇಷಿಯಸ್, ಹೊಸ ಶರ್ಟು! ಯಾವ ಹೆಣ್ಣಿಗಯ್ಯಾ?"

"ಕೈ ಮುಗೀತೀನಿ, ಇವತ್ತೊಂದಿನ ಬಿಟ್ಬಿಡಿ."

"ಅಯ್ಯೋ, ನಾವೇನು ಹೊರಗಿನೋರಾ?" ಎಂದು ಟ್ಯಾಂಟಿ ಅವನನ್ನೇ ಒಲೆಯಿಂದಾಚೆ ತಳ್ಳಿದಳು. ಬೀದಿಗೆ ಬೀದಿಯೇ ಬಂತು. ಬಂದವರೆಲ್ಲ ಬೋರ್ಡು ಓದಿ, ಇನ್ನೊಬ್ಬರ ಹೆಸರು ಹೇಳಿ ನಕ್ಕು, ತಟ್ಟೆ ಹಿಡಿದರು. ಹಂಡೆಯ ತಳ ಕಾಣತೊಡಗಿತು. ಇಗ್ನೇಷಿಯಸ್ ಗಡಿಯಾರ ನೋಡಿದ. ಎಲ್ವೈರಾ ಯಾಕಿನ್ನೂ ಬರಲಿಲ್ಲ?

ಕೊನೆಗೆ ಬಂದವಳು ಎದುರುಮನೆಯ ಆರ್ಲೀನ್.

"ಎಲ್ವೈರಾ ಆಗಲೇ ಬಂದಿದ್ಲಲ್ಲ! ಪೆಟ್ಟಿಗೆ ಇಳಿಸಿ ಬೋರ್ಡ್ ಮುಂದೆ ತುಂಬಾ ಹೊತ್ತು ನಿಂತಿದ್ಲು ಪಾಪ. 'ಅವರೇನು ನನ್ನ ಕರೆದಿರಲಿಲ್ಲ, ನಾನೇ ಬರ್ತೀನಿ ಅಂದಿದ್ದೆ' ಅಂತ ಕಣ್ಣೊರೆಸಿಕೊಂಡು ಹೋದ್ಲು. ಬೋರ್ಡಿಗೆ ಮರ್ಯಾದೆ ಕೊಟ್ಟೋಳು ಅವಳೊಬ್ಬಳೇ ನೋಡು."

ಇಗ್ನೇಷಿಯಸ್ ಗೇಟಿಗೆ ಓಡಿದ. ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ಅವನು ಬೋರ್ಡಿನ ಕೆಳಗೇ ಕುಸಿದು ಕೂತ.

ತಟ್ಟೆ ಬಳಿಯುತ್ತಾ ಕತ್ಬರ್ಟ್ ಹತ್ತಿರ ಬಂದ.

"ಯಾಕಯ್ಯಾ ಅಳ್ತಿದ್ದೀಯ?" ಎಂದವನು ತಲೆಯೆತ್ತಿ ಬೋರ್ಡು ನೋಡಿ ನಾಲಿಗೆ ಕಚ್ಚಿಕೊಂಡ. "ಇಂಟ್ರೂಸಿವ್ ಪ್ರಶ್ನೆ ಆಗೋದಾದ್ರೆ ಬಿಡಪ್ಪಾ, ಬೇಡ."