ಪಕ್ಕದ ಮನೆಯವಳ ಹೆಸರಿನಲ್ಲಿ ಒಂದು ಪಾರ್ಸೆಲ್

ತನ್ನ ಸ್ವಂತ ಹೆಂಡತಿಗೆ ಒಂದು ಪಾರ್ಸೆಲ್ ಕಳಿಸಲು ತಾನು ಯಾರೆಂದು ರುಜುವಾತು ಕೊಡಬೇಕಾಗಿ ಬಂದದ್ದು ಡೇಂಗನ ಪಾಲಿಗೆ ಆ ವಾರದ ಎರಡನೆಯ ಅವಮಾನ. ಮೊದಲನೆಯದು, ಆ ಹೆಂಡತಿ ಪಾರ್ಸೆಲ್ ಕಳಿಸಬೇಕಾದಷ್ಟು ದೂರ ಹೊರಟುಹೋದದ್ದು.

ಆಂಗ್ ಥಾಂಗ್ ಪೇಟೆಯ ಹಿಂದಿನ ಗಲ್ಲಿಯಲ್ಲಿ ಡೇಂಗನ ನೂಡಲ್ಸ್ ಅಂಗಡಿ. ಅಂಗಡಿ ಅವನದು, ಫಲಕದ ಮೇಲಿನ ಹೆಸರು ಅವನದು, ಗಿರಾಕಿಗಳೊಡನೆ ಹರಟುವ ಬಾಯಿಯೂ ಅವನದೇ. ಸಾರು ಮಾತ್ರ ಹೆಂಡತಿ ವಾನ್‌ಳದು. (ವಾನ್ ಎಂದರೆ ಸಿಹಿ ಎಂದರ್ಥ. ಹಿರಿಯರು ಅವಳನ್ನು ತೊಟ್ಟಿಲಲ್ಲಿ ನೋಡಿ ಇಟ್ಟ ಹೆಸರು. ಆಮೇಲೆ ಬದಲಾಯಿಸುವ ಧೈರ್ಯ ಯಾರಿಗೂ ಬರಲಿಲ್ಲ.) ಬೆಳಗಿನ ಜಾವ ಎದ್ದು, ಕಲ್ಲಿನ ಕುಟ್ಟಾಣಿಯಲ್ಲಿ ಕೊತ್ತಂಬರಿ ಬೇರು, ಬೆಳ್ಳುಳ್ಳಿ, ಮೆಣಸು ಕುಟ್ಟಿ ಅವಳು ಸಾರು ಕುದಿಸಿದರೆ ಗಲ್ಲಿಯ ನಾಯಿಗಳು ಕೂಡ ಬಂದು ಶಿಸ್ತಾಗಿ ಕೂರುತ್ತಿದ್ದವು.

ಹೀಗಿರುವಾಗ ಬ್ಯಾಂಕಾಕಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬ ಬಟ್ಟಲು ನೆಕ್ಕುವುದೊಂದು ಬಾಕಿ ಎನ್ನುವಂತೆ ಉಂಡು, ಈ ಸಾರು ಯಾರ ಕೈಯದಪ್ಪಾ ಎಂದು ಕೇಳಿದ. ಡೇಂಗ್ ಎದೆಯುಬ್ಬಿಸಿ, ನಂದೇ ಸ್ವಾಮಿ, ನಮ್ಮಜ್ಜನ ಕಾಲದ ಗುಟ್ಟು ಎಂದುಬಿಟ್ಟ. ಅವನ ಅಜ್ಜ ದೋಣಿ ನಡೆಸುತ್ತಿದ್ದವನು. ಜೀವಮಾನದಲ್ಲಿ ನೀರು ಕಾಯಿಸಿದವನೂ ಅಲ್ಲ. ಡೇಂಗನ ಬೆನ್ನ ಹಿಂದೆ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದ ವಾನ್‌ಳ ಚಾಕು ನಿಂತಿತು. ಅವಳು ಜಗಳವಾಡಲಿಲ್ಲ. ಸೆರಗಿಲ್ಲದ ಸೀಮೆಯ ಹೆಂಗಸು, ಇದ್ದಿದ್ದರೆ ಸೊಂಟಕ್ಕೆ ಸಿಗಿಸುತ್ತಿದ್ದಳು. ಕೈ ತೊಳೆದುಕೊಂಡು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡಳು.

"ಅಜ್ಜನ ಗುಟ್ಟು ನಿನ್ಹತ್ರಾನೇ ಇದೆಯಲ್ಲ, ನಾಳೆಯಿಂದ ನೀನೇ ಮಾಡು," ಎಂದು ಹೇಳಿ ಬಸ್ಸು ಹತ್ತಿ ನಾನ್ ಸೀಮೆಯಲ್ಲಿದ್ದ ಅಕ್ಕ ಬುವಾಳ ಮನೆಗೆ ಹೋದಳು. ಬುವಾ ನಿವೃತ್ತ ಹೆಡ್‌ಮಿಸ್. ತಂಗಿಯ ಮದುವೆಯ ದಿನವೇ ಡೇಂಗನ ಉಗುರು ಪರೀಕ್ಷೆ ಮಾಡಿದವಳು.

ಡೇಂಗ್ ಗಲ್ಲಿಯವರೆದುರು ಮೀಸೆ ತಿರುವಿದ. ಮೊದಲು ಫೋನ್ ಮಾಡುವವಳು ಅವಳೇ, ನಾನಂತೂ ಮಾಡುವುದಿಲ್ಲ ಎಂದು ಸಾರಿದ. ಫೋನ್ ಬರಲಿಲ್ಲ. ಇತ್ತ ಅಂಗಡಿಯ ಕತೆ ಬೇರೆಯೇ ಆಯಿತು. ಅವನು ಕಾಸಿದ್ದನ್ನು ಸಾರು ಎಂದು ಕರೆಯಲು ಗಿರಾಕಿಗಳು ಒಪ್ಪಲಿಲ್ಲ. ಮೊದಲ ದಿನ ಕನಿಕರದಿಂದ ತಿಂದರು, ಮರುದಿನ ನೆಂಟಸ್ತಿಕೆಯಿಂದ ತಿಂದರು, ಆಮೇಲೆ ಎದುರಿನ ಅನ್ನದ ಅಂಗಡಿಯಲ್ಲಿ ಕೂತು ಇವನ ಕಡೆ ನೋಡದೆ ತಿಂದರು. ನಾಯಿಗಳೂ ಅತ್ತ ಹೋದವು. ಇದು ಹೀಗೇ ನಡೆದರೆ ಅಂಗಡಿ ಮುಚ್ಚಬೇಕಾಗುವುದು ಡೇಂಗನಿಗೆ ಸ್ಪಷ್ಟವಾಯಿತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಬೈಯುವವರಿಲ್ಲದೆ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಆಗ ಹೊಳೆದದ್ದೇ ಆ ದಿವ್ಯ ಉಪಾಯ. ಫೋನ್ ಮಾಡಿದರೆ ಮೊದಲು ಮಾತಾಡಿದಂತಾಗುತ್ತದೆ, ಪತ್ರ ಬರೆದರೂ ಹಾಗೆಯೇ. ಆದರೆ ಒಂದು ಪೆಟ್ಟಿಗೆ ಕಳಿಸಿದರೆ? ಪೆಟ್ಟಿಗೆಗೆ ಬಾಯಿಲ್ಲ, ಆದರೂ ಎಲ್ಲ ಹೇಳುತ್ತದೆ. ವಾನ್‌ಳ ತಲೆದಿಂಬು (ಅದಿಲ್ಲದೆ ಅವಳಿಗೆ ಕತ್ತು ಹಿಡಿಯುತ್ತದೆ), ಮನೆಯೊಳಗೆ ಮೆಟ್ಟುವ ಹವಾಯಿ ಚಪ್ಪಲಿ, ಆಮೇಲೆ ಆ ಕುಟ್ಟಾಣಿ. ಅದನ್ನು ನೋಡಿದ ಕೂಡಲೇ ಅವಳ ಕೈ ತುರಿಸುತ್ತದೆ, ಅಂಗಡಿ ನೆನಪಾಗುತ್ತದೆ, ಗಂಡ ನೆನಪಾಗುತ್ತಾನೆ, ಕಣ್ಣಲ್ಲಿ ನೀರು ಬರುತ್ತದೆ, ಬಸ್ಸು ಹತ್ತುತ್ತಾಳೆ. ಮಾನವೂ ಉಳಿಯಿತು, ಮಡದಿಯೂ ಬಂದಳು. ಡೇಂಗ್ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ನೋಡಿ, ಕೈ ಎಟುಕದೆ ಬಿಟ್ಟ.

ಮೂರನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ, ಸ್ಕೂಟರಿನ ಮುಂದೆ ಇಟ್ಟುಕೊಂಡು, ಮೊಣಕಾಲು ಆಚೀಚೆ ಚಾಚಿಕೊಂಡು ಅಂಚೆ ಕಚೇರಿಗೆ ಹೋದ. ಕಿಟಕಿಯಲ್ಲಿ ಆರೀ ಕೂತಿದ್ದಳು. ಆರೀ ಇವನ ಅಂಗಡಿಯಲ್ಲಿ ದಿನಾ ಮಧ್ಯಾಹ್ನ ಉಣ್ಣುತ್ತಿದ್ದ ಹುಡುಗಿ. ಅವಳಿಗೆ ಮೊಳಕೆ ಕಾಳು ಜಾಸ್ತಿ, ಖಾರ ಕಡಿಮೆ ಎಂಬುದು ಅವಳ ಅಪ್ಪನಿಗಿಂತ ಚೆನ್ನಾಗಿ ಡೇಂಗನಿಗೆ ಗೊತ್ತು.

"ಮಾಮ, ಕಾರ್ಡ್," ಎಂದಳು ಆರೀ.

"ಯಾವ ಕಾರ್ಡು?"

"ಗುರುತಿನ ಚೀಟಿ. ಪಾರ್ಸೆಲ್ ಕಳಿಸೋರು ತೋರಿಸ್ಲೇಬೇಕು."

"ನಾನ್ಯಾರು ಅಂತ ನಿಂಗೆ ಗೊತ್ತಿಲ್ವೇನೇ?"

"ನಂಗೊತ್ತು ಮಾಮ. ಮೆಷಿನ್‌ಗೆ ಗೊತ್ತಿಲ್ಲ."

ಡೇಂಗ್ ವಾದಿಸಿದ. ದಿಂಬು, ಚಪ್ಪಲಿ, ಕಲ್ಲು, ಇದರಲ್ಲಿ ಯಾವ ದೇಶದ್ರೋಹ ಅಡಗಿದೆ ಎಂದು ಕೇಳಿದ. ಅಮಲಿನ ಗುಳಿಗೆ ಕದ್ದು ಸಾಗಿಸುವವರೂ ದಿಂಬು ಎಂದೇ ಹೇಳುತ್ತಾರೆ, ಅದಕ್ಕೇ ಈ ನಿಯಮ ಎಂದು ಆರೀ ನಗುತ್ತಲೇ ಹೇಳಿದಳು. ನಗುತ್ತಲೇ ಪೆಟ್ಟಿಗೆಯನ್ನು ಈಚೆ ತಳ್ಳಿದಳು. ಅವಳು ಈಗೀಗ ಊಟಕ್ಕೆ ಎದುರಿನ ಅಂಗಡಿಗೆ ಹೋಗುತ್ತಿದ್ದುದರಿಂದ ಡೇಂಗನಿಗೆ ಹೆದರಿಸಲು ಏನೂ ಉಳಿದಿರಲಿಲ್ಲ.

ಮನೆಗೆ ಬಂದು ಹುಡುಕಿದ. ಕಾರ್ಡು ಎಂದಿನಿಂದಲೂ ಇರುವುದು ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬದಲ್ಲಿ. ಡಬ್ಬ ಇತ್ತು. ಡಬ್ಬದಲ್ಲಿ ತಾಯತಗಳಿದ್ದವು, ಹರಿದ ಗಡಿಯಾರದ ಪಟ್ಟಿಯಿತ್ತು, ಕಾರ್ಡೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಹಾಸಿಗೆ ಕೊಡವಿದ, ಅಕ್ಕಿ ಡ್ರಮ್ಮಿಗೆ ಕೈ ಹಾಕಿದ, ಸಿಗಲಿಲ್ಲ. ಕಳೆದುಹೋಗಿದೆ ಎಂದು ಹೊಸದು ಮಾಡಿಸೋಣವೆಂದರೆ ಮನೆಯ ದಾಖಲೆ ಪುಸ್ತಕ ಬೇಕು, ಅದು ಬೀರುವಿನೊಳಗೆ, ಬೀರುವಿನ ಬೀಗದ ಕೈ ವಾನ್‌ಳ ಸೊಂಟದಲ್ಲಿ, ವಾನ್ ನಾನ್‌ನಲ್ಲಿ. ಕಾರ್ಡು ಎಲ್ಲಿಟ್ಟಿದ್ದೀಯ ಎಂದು ಒಂದು ಮಾತು ಕೇಳಿದರೆ ಆಗುತ್ತಿತ್ತು. ಡೇಂಗ್ ಫೋನನ್ನು ಕೈಗೆತ್ತಿಕೊಂಡು, ಉಜ್ಜಿ ಒರೆಸಿ, ಮತ್ತೆ ಅಲ್ಲೇ ಇಟ್ಟ. ಗಂಡಸಿನ ಮಾತು ಎಂದರೆ ಮಾತು.

ಅವನ ಪಾಲಿನ ದೇವತೆಯಾಗಿ ಆಗ ಪಕ್ಕದ ಮನೆಯ ಜಂಪಾ ಬಂದಳು. ಜಂಪಾ ವಿಧವೆ, ಬಾಗಿಲ ಮುಂದೆ ತೆಂಗಿನಹಾಲಿನ ಪಡ್ಡು ಹುಯ್ದು ಮಾರುವವಳು. ಡೇಂಗ್ ಕೊಂಡಾಗ ಎರಡು ಪಡ್ಡು ಜಾಸ್ತಿ ಹಾಕುತ್ತಿದ್ದಳೆಂಬುದು ವಾನ್‌ಳ ಹಳೆಯ ದೂರು. ಅವಳು ಎಲ್ಲರಿಗೂ ಎರಡು ಜಾಸ್ತಿ ಹಾಕುತ್ತಾಳೆ ಎಂದು ಡೇಂಗ್ ಹೇಳಿದರೆ ವಾನ್, ನಿನಗೆ ಹಾಕುವಾಗ ನಗ್ತಾಳೆ ಎನ್ನುತ್ತಿದ್ದಳು. ಕಷ್ಟ ಕೇಳಿದ ಜಂಪಾ, ಇಷ್ಟಕ್ಕೆಲ್ಲ ಯಾಕೆ ಯೋಚನೆ, ನನ್ನ ಕಾರ್ಡಿದೆಯಲ್ಲ, ನಾನೇ ಬಂದು ಕಳಿಸ್ತೀನಿ ಎಂದಳು. ಡೇಂಗನಿಗೆ ಸಂತೋಷದಲ್ಲಿ ಮುಂದಿನದು ಕಾಣಲಿಲ್ಲ. ಸಂತೋಷವಿಲ್ಲದಾಗಲೂ ಅವನಿಗೆ ಮುಂದಿನದು ಕಾಣುವುದು ಅಷ್ಟರಲ್ಲೇ ಇತ್ತು.

ಆರೀ ಜಂಪಾಳ ಕಾರ್ಡನ್ನು ಯಂತ್ರಕ್ಕೆ ತುರುಕಿದಳು. ಯಂತ್ರ ಗುಂಯ್ ಎಂದು ಒಂದು ಚೀಟಿ ಹೊರಹಾಕಿತು. ಕಳಿಸಿದವರು: ಶ್ರೀಮತಿ ಜಂಪಾ, ಮನೆ ನಂಬರು ಇಂಥದ್ದು, ಗಲ್ಲಿ ಇಂಥದ್ದು. ಆರೀ ಅದನ್ನು ಪೆಟ್ಟಿಗೆಯ ನೆತ್ತಿಗೆ ಅಂಟಿಸಿ ಅಂಗೈಯಿಂದ ತಟ್ಟಿದಳು. ಡೇಂಗ್ ಹಗುರಾಗಿ ಮನೆಗೆ ಬಂದು ಅಂಗಡಿ ಗುಡಿಸಿ ಕಾದ.

ಅತ್ತ ನಾನ್‌ನಲ್ಲಿ ವಾನ್ ಪೆಟ್ಟಿಗೆ ಬಿಚ್ಚಿದಳು. ಪತ್ರವಿಲ್ಲ, ಒಂದಕ್ಷರವಿಲ್ಲ. ತನ್ನ ದಿಂಬು, ತನ್ನ ಚಪ್ಪಲಿ, ತನ್ನ ಕುಟ್ಟಾಣಿ. ಮೇಲೆ ಕಳಿಸಿದವರ ಹೆಸರು ಜಂಪಾ. ಹಾಸಿಗೆಯಿಂದ ದಿಂಬು, ಬಾಗಿಲಿಂದ ಚಪ್ಪಲಿ, ಅಡಿಗೆಮನೆಯಿಂದ ಕುಟ್ಟಾಣಿ. ಹೀಗೆ ಮೂರೂ ಕಡೆಯಿಂದ ತನ್ನನ್ನು ಗುಡಿಸಿ ಕಟ್ಟಿ ಅಂಚೆಗೆ ಹಾಕಿದ್ದಾಳೆ ಪಕ್ಕದ ಮನೆಯವಳು, ಅದೂ ಹೆಸರು ವಿಳಾಸ ಸಮೇತ. ಕನ್ನಡಕ ಹಾಕಿಕೊಂಡು ಪರಿಶೀಲಿಸಿದ ಬುವಾ ಕೂಡ, ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ ಎಂದು ತೀರ್ಪು ಕೊಟ್ಟಳು.

ಮರುದಿನ ಮಧ್ಯಾಹ್ನ ಡೇಂಗ್ ಖಾಲಿ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದಾಗ ವಾನ್ ಒಳಗೆ ಬಂದಳು. ಅವನ ಉಪಾಯ ಫಲಿಸಿತ್ತು. ಹಿಗ್ಗಿನಿಂದ ಎದ್ದವನನ್ನು ಅವಳು ಕೈಸನ್ನೆಯಲ್ಲೇ ಕೂರಿಸಿ, ಗಿರಾಕಿಯ ಹಾಗೆ ಮೇಜಿನ ಮುಂದೆ ಕೂತು ಒಂದು ಬಟ್ಟಲು ಕೊಡು ಎಂದಳು. ಒಂದು ಚಮಚ ಸಾರು ಕುಡಿದಳು. ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು.

"ಅವಳು ಯಾವ ಕಡೆ ಮಲಗ್ತಾಳೆ? ಗೋಡೆ ಕಡೆನಾ, ಕಿಟಕಿ ಕಡೆನಾ?"

"ಯಾರು?"

"ನನ್ನ ದಿಂಬು ಕಳಿಸಿದೋಳು."

ಡೇಂಗ್ ಗಲ್ಲಿಗೆಲ್ಲ ಕೇಳುವಂತೆ ಜಂಪಾಳನ್ನು ಕೂಗಿದ. ಪಕ್ಕದ ಮನೆಯಿಂದ ಜಂಪಾ ಓಡಿ ಬಂದು, ಪಡ್ಡಿನ ಹಿಟ್ಟಿನ ಕೈಯಲ್ಲೇ ತನ್ನ ಕಾರ್ಡು ಹಿಡಿದು ಸಾಕ್ಷಿ ಹೇಳಿದಳು. ವಾನ್ ಬಂದಳೆಂಬ ಸುದ್ದಿ ತಿಳಿದು ಊಟದ ಆಸೆಗೆ ಬಂದ ಆರೀಯೂ ಅಂಚೆಯ ನಿಯಮವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು. ವಾನ್ ಎಲ್ಲ ಕೇಳಿದಳು. ಜಂಪಾಳ ಕೈ ಹಿಡಿದು ಕ್ಷಮಿಸು ತಾಯಿ ಎಂದಳು. ಆಮೇಲೆ ತನ್ನ ಪರ್ಸು ತೆಗೆದು ಒಂದು ಕಾರ್ಡನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಡೇಂಗ್ ಪೆಚ್ಚು ಮುಖ ಹಾಕಿಕೊಂಡು ಕ್ಯಾಮೆರಾ ನೋಡುತ್ತಿದ್ದ.

"ಬೇಕಂತಲೇ ತಗೊಂಡು ಹೋಗಿದ್ದೆ," ಎಂದಳು. "ಇದಿಲ್ದೆ ನಿಂಗೆ ಒಂದು ಕೆಲ್ಸಾನೂ ಆಗಲ್ಲ, ಕಾರ್ಡೆಲ್ಲಿ ಅಂತ ಕೇಳೋಕಾದ್ರೂ ಫೋನ್ ಮಾಡ್ತೀಯ ಅಂತ. ದಿನಾ ಫೋನ್ ಚಾರ್ಜ್ ಮಾಡ್ಕೊಂಡು ಕೂತಿದ್ದೆ, ಗೊತ್ತಾ?"

ಡೇಂಗ್ ಮೇಜಿನ ಮೇಲಿನ ತನ್ನ ಪೆಚ್ಚು ಮುಖವನ್ನೇ ನೋಡಿದ. ಒಂದು ಫೋನು. ಅಷ್ಟೇ ಆಗಿದ್ದರೆ ಸಾಕಿತ್ತು.

ವಾನ್ ಎದ್ದು ಅಡಿಗೆಮನೆಗೆ ಹೋದಳು, ಒಲೆ ಹಚ್ಚಿದಳು, ಬೆಳ್ಳುಳ್ಳಿ ತೆಗೆದಳು, ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ಏನೂ ಇರಲಿಲ್ಲ. ಕುಟ್ಟಾಣಿ ನಾನ್‌ನ ಜಗಲಿಯಲ್ಲಿತ್ತು. ಸಿಟ್ಟಿನಲ್ಲಿ ಹೊರಟವಳು ಕಲ್ಲು ಹೊತ್ತುಕೊಂಡು ಬರುತ್ತಾಳೆಯೇ? ಅಕ್ಕನಿಗೆ ಫೋನ್ ಮಾಡಿ ಅಂಚೆಯಲ್ಲಿ ಕಳಿಸು ಎಂದಳು. ಬುವಾ ಸಾಧ್ಯವಿಲ್ಲ ಎಂದಳು. ಆ ಪೆಟ್ಟಿಗೆ ಒಂದು ಸಲ ಒಬ್ಬಳ ಹೆಸರಿನಲ್ಲಿ ಹೋಗಿ ಸಂಸಾರ ಮುರಿಯುವುದರಲ್ಲಿತ್ತು, ಈಗ ತನ್ನ ಹೆಸರು ಅದರ ಮೇಲೆ ಬೀಳುವುದು ಬೇಡ, ಕಳಿಸಿದವನೇ ಬಂದು ಒಯ್ಯಲಿ ಎಂದಳು. ಬೇರೆ ಕಲ್ಲಿನಲ್ಲಿ ಕುಟ್ಟಿದ ಮಸಾಲೆ ಮಸಾಲೆಯೇ ಅಲ್ಲ ಎಂದು ವಾನ್ ಹಟ ಹಿಡಿದಳು. ಹೀಗೆ ಒಂದು ಫೋನ್ ಮಾಡಲು ಒಪ್ಪದ ಡೇಂಗ್, ಹೆಂಡತಿಯಿಂದ ತನ್ನ ಕಾರ್ಡನ್ನು ಕೈಗಡ ಪಡೆದು ಹಗಲಿಡೀ ಬಸ್ಸಿನಲ್ಲಿ ಕೂತು ಅವಳ ಅಕ್ಕನ ಬಾಗಿಲಿಗೆ ಹೋಗಬೇಕಾಯಿತು.

ಬುವಾ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ. ಡೇಂಗ್ ಕೈಮುಗಿದು, ಬಾಗಿ, ಅಕ್ಕಾ ಎಂದ. ಬುವಾ ಕನ್ನಡಕ ಸರಿಮಾಡಿಕೊಂಡಳು.

"ಕಾರ್ಡು."

"ಅಕ್ಕಾ, ನಾನೇ, ಡೇಂಗ್."

"ಕಾರ್ಡು ಅಂದೆ."

ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ಓದಿದಳು. "ಬುಂಚುವೈ ಅಂತಿದೆ. ಪೆಟ್ಟಿಗೆ ಮೇಲೆ ಜಂಪಾ ಅಂತಿದೆ. ನೀನು ಡೇಂಗ್ ಅಂತೀಯ. ಮೂರು ಜನರಲ್ಲಿ ಯಾರಿಗಪ್ಪಾ ಕೊಡ್ಲಿ?"

ಬುಂಚುವೈ ಹುಟ್ಟಿದಾಗಿನ ಹೆಸರೆಂದೂ, ಡೇಂಗ್ ಮನೆಯಲ್ಲಿ ಕರೆಯುವ ಹೆಸರೆಂದೂ, ಜಂಪಾ ಬರೀ ನೆರೆಮನೆಯವಳೆಂದೂ ಅವನು ಬೆವರುತ್ತ ವಿವರಿಸಿದ. ಬುವಾ ಫೋನೆತ್ತಿ ತಂಗಿಗೆ ಹಚ್ಚಿ, ಧ್ವನಿ ಜೋರು ಮಾಡಿ, ಪೆಟ್ಟಿಗೆಯ ಮೇಲಿಟ್ಟಳು. ಕಾಗದದಲ್ಲಿ ತೀರ್ಮಾನವಾಗದಿದ್ದರೆ ಬಾಯಿಪರೀಕ್ಷೆ ಮಾಡಬೇಕಾಗುತ್ತದೆ ಎಂದಳು.

"ಈ ಕುಟ್ಟಾಣಿ ಯಾರದು?"

"ವಾನ್‌ದು."

"ಅಂಗಡಿ ಸಾರು ಯಾರದು?"

ಡೇಂಗ್ ಅಜ್ಜನನ್ನು ನೆನೆದ, ದೋಣಿಯನ್ನು ನೆನೆದ, ಖಾಲಿ ಬೆಂಚುಗಳನ್ನು ನೆನೆದ.

"ಅವಳದೇ ಅಕ್ಕಾ. ಮೊದಲಿಂದಲೂ ಅವಳದೇ. ನಾನು ಬರೀ ಬಡಿಸೋನು. ಅವತ್ತು ಅಧಿಕಾರಿ ಮುಂದೆ ಹೇಳಿದ್ದು ಸುಳ್ಳು. ತಪ್ಪು ನಂದೇ."

ಇಷ್ಟು ಹೇಳಿದ ಮೇಲೆ ಡೇಂಗನಿಗೆ ಎದೆಯ ಭಾರ ಇಳಿದಂತಾಗಿ, ಪೆಟ್ಟಿಗೆಯ ಕಡೆ ಕೈ ಚಾಚಿದ. ಅಷ್ಟರಲ್ಲಿ ಫೋನಿನೊಳಗಿಂದ ವಾನ್‌ಳ ಧ್ವನಿ ಬಂತು. ಸ್ವಲ್ಪ ಗದ್ಗದ, ಸ್ವಲ್ಪ ಅನುಮಾನ.

"ಅಕ್ಕಾ, ಪೆಟ್ಟಿಗೆ ಕೊಡ್ಬೇಡ. ನನ್ನ ಗಂಡ ಹೀಗೆಲ್ಲ ಒಪ್ಕೊಳ್ಳೋ ಮನುಷ್ಯನೇ ಅಲ್ಲ. ಆ ಕಾರ್ಡನ್ನ ಇನ್ನೊಂದ್ಸಲ ಸರಿಯಾಗಿ ನೋಡು."