ಪುಟ್ಟಿಯ ಬಾಯಿಯಲ್ಲಿ ರಸ್ತೆ ಅಗಲೀಕರಣ

ನಮ್ಮ ಸೋದರಮಾವ ಯಾರ ಮುಖವನ್ನೂ ನೋಡುವುದಿಲ್ಲ. ಅಹಂಕಾರಿ ಎಂದುಕೊಳ್ಳಬೇಡಿ. ಅವರು ಮೊದಲು ಹಲ್ಲು ನೋಡುತ್ತಾರೆ. ಮುಖ ಆಮೇಲೆ, ಸಮಯವಿದ್ದರೆ.

ಸರ್ಕಾರಿ ಸರ್ವೇಯರ್ ಆಗಿದ್ದವರು. ನಿವೃತ್ತಿಯ ದಿನ ಇಲಾಖೆ ಅಳತೆಯ ಸರಪಳಿಯನ್ನು ವಾಪಸು ಪಡೆಯಿತೇ ಹೊರತು ಕಣ್ಣನ್ನಲ್ಲ. ಅಳೆಯಲು ಜಮೀನಿಲ್ಲದೆ ನೆಂಟರ ಮಕ್ಕಳ ಬಾಯಿಗೆ ಬಂದರು. ಮದುವೆಮನೆಯ ಪಂಕ್ತಿಯಲ್ಲಿ ಎದುರಿನ ಮಗು ಹೋಳಿಗೆಗೆ ಬಾಯಿ ತೆರೆದರೆ, ‘ಇದು ಒತ್ತುವರಿ ಕೇಸು’ ಎಂದು ತೀರ್ಪು. ಮಗು ಬಾಯಿ ಮುಚ್ಚುತ್ತದೆ. ಬಡಿಸುವವರೂ ಹೋಳಿಗೆ ಡಬ್ಬ ಮುಚ್ಚುತ್ತಾರೆ!

ನನ್ನ ಮಗಳು ಪುಟ್ಟಿಗೆ ಏಳು ತುಂಬಿದ ವಾರವೇ ಎನ್.ಆರ್. ಕಾಲೋನಿಯಿಂದ ನಡೆದು ನಮ್ಮ ಬಸವನಗುಡಿ ಮನೆಗೆ ಬಂದರು.

“ಈ ಅನ್ನು ಪುಟ್ಟಿ.”

“ಈ...”

“ನೋಡಮ್ಮ, ಸೈಟು ಇಪ್ಪತ್ತು ಮೂವತ್ತು. ಬರ್ತಿರೋದು ನಲವತ್ತು ಅರವತ್ತರ ಮನೆ. ಎಲ್ಲಿ ಹಿಡಿಯತ್ತೆ?”

ಹುರುಳಿಕಾಯಿ ಬಿಡಿಸುತ್ತಿದ್ದ ನಮ್ಮತ್ತೆಗೆ ರೇಗಿತು. “ಹಾಲುಹಲ್ಲು ಕಣ್ರೀ! ಬೀಳೋ ಹಲ್ಲಿಗೆ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ?”

“ಮನೆ ಎದ್ದಮೇಲೆ ಅಳೆಯಕ್ಕೆ ಹೋದ್ರೆ ಕೋರ್ಟೇ ಗತಿ. ಪಾಯದಲ್ಲೇ ನೋಡ್ಬೇಕು.”

ಹೋದೆವು. ದಂತವೈದ್ಯೆ ಎಕ್ಸ್‌ರೇ ಹಿಡಿದು, ಒಳಗೆ ಸಾಲಾಗಿ ಕಾಯುತ್ತಿರುವ ದೊಡ್ಡ ಹಲ್ಲುಗಳನ್ನು ತೋರಿಸಿದರು. “ಮೇಲ್ದವಡೆ ಇಕ್ಕಟ್ಟು. ಈ ವಯಸ್ಸಲ್ಲಿ ಮೂಳೆ ಹೇಳಿದ ಮಾತು ಕೇಳತ್ತೆ. ಒಂದು ಪ್ಲೇಟ್ ಹಾಕಿ ಸ್ವಲ್ಪ ಸ್ವಲ್ಪ ಅಗಲ ಮಾಡೋಣ.”

“ಅಂದ್ರೆ ರಸ್ತೆ ಅಗಲೀಕರಣ.”

“ಹಾಗೇ ಅಂದ್ಕೊಳ್ಳಿ ಸಾರ್.”

“ಪರಿಹಾರ?”

ವೈದ್ಯೆ ತಬ್ಬಿಬ್ಬಾದರು. ಪುಟ್ಟಿ ಆಗಲಿಲ್ಲ. “ಐಸ್‌ಕ್ರೀಮ್,” ಎಂದಳು.

ಪ್ಲೇಟಿನ ನಡುವೆ ಒಂದು ತಿರುಪು, ಅದಕ್ಕೊಂದು ಪುಟಾಣಿ ಕೀಲಿ. ವಾರಕ್ಕೊಮ್ಮೆ ಕಾಲು ಸುತ್ತು. ಕೀಲಿಯನ್ನು ಮಾವ ನನ್ನ ಕೈಗೆ ಕೊಡಲೇ ಇಲ್ಲ, ಜನಿವಾರಕ್ಕೆ ಕಟ್ಟಿಕೊಂಡರು. ಭಾನುವಾರ ಸ್ನಾನ, ಸಂಧ್ಯಾವಂದನೆ, ಪುಟ್ಟಿಯ ತಿರುಪು, ಉಪ್ಪಿಟ್ಟು. ಈ ಕ್ರಮ ತಪ್ಪಿದ್ದಿಲ್ಲ.

ತಪ್ಪಿದ್ದು ‘ಸ’ಕಾರ. ಶಾಲೆಯ ವಾರ್ಷಿಕೋತ್ಸವದಲ್ಲಿ ಪುಟ್ಟಿ ಸ್ವಾಗತ ಹೇಳಬೇಕಿತ್ತು. ಪ್ಲೇಟು ಹಾಕಿಕೊಂಡು ‘ಸುಸ್ವಾಗತ’ ಎಂದರೆ ‘ಥುಥ್ವಾಗತ’ ಎಂದು ಬರುತ್ತಿತ್ತು. ಆ ದಿನ ತೆಗೆದಿಡೋಣ ಎಂದೆ. ಅಷ್ಟರಲ್ಲಿ ತಾಲೀಮಿನಲ್ಲೇ ಜೊತೆಯ ಮಕ್ಕಳಿಂದ ನಾಮಕರಣವಾಗಿತ್ತು: ಥುಥು. ನಮ್ಮ ವಾಚಾಳಿ ಊಟಕ್ಕೆ ಕರೆದರೂ ಬರೀ ತಲೆಯಾಡಿಸತೊಡಗಿದಳು. ಪ್ಲೇಟು ನಾಲ್ಕು ದಿನ ಹೊರಗಿದ್ದರೂ ಬಿಟ್ಟ ಜಾಗ ಕೂಡಿಕೊಳ್ಳುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದರು.

ಒಂದು ಭಾನುವಾರ ಉಪ್ಪಿಟ್ಟಿನ ಬದಲು ಮಾವನೊಂದಿಗೆ ದರ್ಶಿನಿ ಹೋಟೆಲಿಗೆ ಹೋದೆವು. ತಿನ್ನುವಾಗ ಪ್ಲೇಟು ತೆಗೆದು ಕಾಗದದಲ್ಲಿ ಸುತ್ತಿ ಅದರ ಡಬ್ಬಿಯೊಳಗಿಡಬೇಕು. ಸುತ್ತಿದಳು. ಮನೆಗೆ ಬಂದು ಡಬ್ಬಿ ನೋಡಿದರೆ ಪ್ಲೇಟೇ ಇಲ್ಲ!

ಮೂವರೂ ವಾಪಸು ಓಡಿದೆವು. ಕ್ಲೀನಿಂಗ್ ಹೆಂಗಸು ಕೇಳಿದಳು: “ಏನ್ ಸಾರ್, ಚಿನ್ನಾನಾ?”

“ಪ್ಲೇಟಮ್ಮ.”

“ಅಯ್ಯೋ, ಅಲ್ಲೇ ತೊಳೆದಿಟ್ಟಿದೀವಲ್ಲ,” ಎಂದು ಸ್ಟೀಲ್ ತಟ್ಟೆಗಳ ಗೋಪುರ ತೋರಿಸಿದಳು.

ಮಾವ ಹೋಟೆಲಿನ ಹಿತ್ತಲಲ್ಲಿ ಪೇಪರು ಹಾಸಿ, ಕಸದ ಡಬ್ಬ ಸುರಿದು, ರಾಶಿಯನ್ನು ನಾಲ್ಕು ಚೌಕ ಮಾಡಿದರು. ಇಸ್ತ್ರಿ ಅಂಗಿಯ ತೋಳು ಮಡಿಸಿ ಕೂತರು. “ಈಶಾನ್ಯ ಖಾಲಿ. ಆಗ್ನೇಯದಲ್ಲಿ ವಡೆ.” ಮೊಣಕೈವರೆಗೂ ಸಾಂಬಾರು.

“ತಾತ, ಹುಡುಕ್ಬೇಡಿ,” ಪುಟ್ಟಿ ಅಳತೊಡಗಿದಳು. “ನಾನೇ ಬೇಕಂತ ಬಿಟ್ಟೆ. ಎಲ್ರೂ ಥುಥು ಅಂತಾರೆ.”

ನಾನು ಬೈಯಲು ಬಾಯಿ ತೆರೆದೆ. ಮಾವ ಸಾಂಬಾರಿನ ಕೈಯೆತ್ತಿ ತಡೆದರು. ನೈಋತ್ಯದಲ್ಲಿ ಪ್ಲೇಟು ಸಿಕ್ಕಿತು. ಒಳಗೆ ಬಂದು ಕೈತೊಳೆಯುವ ತೊಟ್ಟಿಯಲ್ಲಿ ಸೋಪು ಹಾಕಿ ಏಳು ಸಲ ತೊಳೆದರು. ಅವಳಿಗೆ ಕೊಡಲಿಲ್ಲ. ಸುತ್ತ ಒಮ್ಮೆ ನೋಡಿದರು. ಕಾಫಿ ಲೋಟ ಹಿಡಿದ ಹತ್ತು ಹದಿನೈದು ಜನ. ಆಮೇಲೆ ಹೆಬ್ಬೆರಳನ್ನು ಅಂಗುಳಿಗೆ ಒತ್ತಿ, ತಮ್ಮ ಮೇಲಿನ ಸಾಲು ಹಲ್ಲನ್ನು ಇಡಿಯಾಗಿ ಹೊರತೆಗೆದು, ಅವಳ ಪ್ಲೇಟಿನ ಪಕ್ಕ ಅಂಗೈಯಲ್ಲಿಟ್ಟರು.

ಅವರದು ಕಟ್ಟಿಸಿದ ಹಲ್ಲೆಂದು ನನಗೆ ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ಅವರ ಹೆಂಡತಿಯೇ ಅವರನ್ನು ಹಲ್ಲಿಲ್ಲದೆ ನೋಡಿಲ್ಲವಂತೆ; ಚಿಲಕ ಹಾಕಿಕೊಂಡೇ ತೊಳೆಯುತ್ತಾರಂತೆ.

“ಹೇಳು ಪುಟ್ಟಿ,” ಎಂದರು. “ಫುಫ್ವಾಗತ.”

ಪುಟ್ಟಿ ಅಳು ನಿಲ್ಲಿಸಿ ನೋಡಿದಳು. ಯಾರೂ ಹೇಳದೆಯೇ ತನ್ನ ಪ್ಲೇಟನ್ನೆತ್ತಿ ಹಾಕಿಕೊಂಡಳು.

“ಥುಥ್ವಾಗತ.”

“ಫುಫ್ವಾಗತ.”

“ನಿಮ್ದೇ ಜಾಸ್ತಿ ಹಾಳಾಗಿದೆ ತಾತ!”

ಕಾಫಿ ಕುಡಿಯುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಿ ತಿರುಗಿ ಅವರನ್ನು ನೋಡಿದಳು. ಆಮೇಲೆ ತುದಿಗಾಲಲ್ಲಿ ನಿಂತು, ಎರಡೂ ಕೈಗಳನ್ನು ಮಾವನ ಬಾಯಿಗೆ ಅಡ್ಡ ಹಿಡಿದು, “ಬೇಗ ಹಾಕ್ಕೊಳ್ಳಿ ತಾತ, ನಾನು ಮರೆ ಇರ್ತೀನಿ,” ಎಂದಳು.