ಮೂರಂಗುಲ ಬೆಳೆದ ದ್ಯಾಮಮ್ಮ

ಹೆಂಡತಿಯ ಮೈಯಲ್ಲಿರುವ ಒಂದೊಂದು ಮೂಳೆಯನ್ನೂ ತಾವೇ ಕಾಪಾಡುವುದಾಗಿ ನಿವೃತ್ತ ಡ್ರಿಲ್ ಮೇಷ್ಟ್ರು ಕರಿಸಿದ್ದಪ್ಪನವರು ಒಂದು ಭಾನುವಾರ ಬೆಳಿಗ್ಗೆ ಪಣ ತೊಟ್ಟರು! ಹೊಳಲ್ಕೆರೆಯ ಸಮುದಾಯ ಭವನದಲ್ಲಿ ಅಂದು ಮೂಳೆ ಸವೆತದ ಉಚಿತ ತಪಾಸಣೆ ಎಂಬ ಕರಪತ್ರ ಅವರ ಕೈಗೆ ಸಿಕ್ಕಿತ್ತು. ಐವತ್ತು ದಾಟಿದ ಹೆಂಗಸರಿಗೆ ಅಪಾಯ ಹೆಚ್ಚು ಎಂಬುದು ಅದರ ಮೊದಲ ಸಾಲು. ಗಂಡಸರ ವಿಷಯ ಎರಡನೆಯ ಸಾಲಿನಲ್ಲಿತ್ತು. ಅಷ್ಟು ದೂರ ಅವರು ಹೋಗಲಿಲ್ಲ.

ಹೆಂಡತಿ ದ್ಯಾಮಮ್ಮನನ್ನು ಕರೆದು ಕರಪತ್ರದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಮೈಗೆ ಬಿಸಿಲು ಬೀಳುತ್ತದೆಯೆ? ಆಕೆ ರಾಗಿ ಹರವುತ್ತ ನಿಂತಿದ್ದುದೇ ಬಿಸಿಲಿನಲ್ಲಿ. ಮೇಷ್ಟ್ರು ಮಾತ್ರ ಜಗಲಿಯ ನೆರಳಲ್ಲಿದ್ದರು. ಬೀಡಿ ಸೇದುವ ಅಭ್ಯಾಸ ಉಂಟೆ? ಇದನ್ನು ಕೇಳಲೆಂದೇ ಅವರು ಬಾಯಿಂದ ಬೀಡಿ ತೆಗೆದರು. ಊಟಕ್ಕೆ ರಾಗಿ, ಸೊಪ್ಪು? ಎರಡು ಹೊತ್ತೂ ಮುದ್ದೆ ಎಂದಳು ಆಕೆ. ಪಿಂಚಣಿ ಬಂದಂದಿನಿಂದ ಬರೀ ಅನ್ನಕ್ಕೆ ಒಗ್ಗಿದ್ದ ಮೇಷ್ಟ್ರು ಸರಿ ಗುರುತು ಹಾಕಿದರು.

ಕೊನೆಯದು, ಎತ್ತರ ಕಡಿಮೆಯಾಗಿದೆಯೆ? ಮೂವತ್ತು ವರ್ಷ ಹುಡುಗರನ್ನು ತಮ್ಮ ಮೈ ಪಕ್ಕ ನಿಲ್ಲಿಸಿಕೊಂಡೇ ಸಾಲು ಕಟ್ಟಿದವರು ಅವರು. ಎದೆಮಟ್ಟ ಬಂದವರು ಮುಂದೆ, ಗದ್ದದ ಮಟ್ಟ ಬಂದವರು ಹಿಂದೆ. ಅಂಥವರಿಗೆ ಟೇಪು ಯಾಕೆ? ಹೆಂಡತಿಯನ್ನು ಪಕ್ಕಕ್ಕೆ ನಿಲ್ಲಿಸಿ, ಅವಳ ನೆತ್ತಿಯಿಂದ ಅಂಗೈಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮದುವೆಯ ದಿನ ಗದ್ದದ ಮಟ್ಟಕ್ಕಿದ್ದ ಹುಡುಗಿ ಈಗ ಕಿವಿಗೆ ಬಂದಿದ್ದಳು!

"ಮೂರಂಗುಲ ಬೆಳ್ದೀಯ ಕಣೇ," ಎಂದರು.

"ಅರವತ್ತೆರಡಕ್ಕಾ?" ಎಂದು ಆಕೆ ಮೊರ ಎತ್ತಿಕೊಂಡಳು.

ಪಕ್ಕದ ಮನೆಯ ಹೊನ್ನಕ್ಕನ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದಂತೆಯೇ. ಮಧ್ಯಾಹ್ನದೊಳಗೆ ಆರು ಹೆಂಗಸರು ದ್ಯಾಮಮ್ಮನನ್ನು ನೋಡಿ ಹೋದರು. ಯಾವ ಊರಿನ ರಾಗಿ ಎಂದು ಒಬ್ಬಾಕೆ ವಿಚಾರಿಸಿದಳು. ಮೇಷ್ಟ್ರಿಗೆ ಮಾತ್ರ ದಿಗಿಲು. ಸವೆಯುವ ಮೂಳೆಗೆ ಔಷಧಿ ಇದ್ದೀತು, ಬೆಳೆಯುವ ಮೂಳೆಗೆ ಏನು ಗತಿ? ಅಳತೆಗೋಲಾದ ತಾವು ಖೋಟಾ ಅಲ್ಲವೆಂದು ತೋರಿಸಲು ತಮ್ಮ ಸೇವಾ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯೊಡನೆ ತಪಾಸಣೆಗೆ ಹೊರಟರು. ಅದರ ಮೊದಲ ಪುಟದಲ್ಲೇ ಮೊಹರಿನೊಂದಿಗೆ ಬರೆದಿತ್ತು: ಎತ್ತರ ಐದಡಿ ಹತ್ತಂಗುಲ.

ಲೇಡಿ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ದ್ಯಾಮಮ್ಮನನ್ನು ಅಳೆದರು. ಐದಡಿ ಒಂದಂಗುಲ. ತಾನು ಕಿರಿಮಗಳನ್ನು ಹೆತ್ತಾಗಲೂ ಆಸ್ಪತ್ರೆಯಲ್ಲಿ ಅಷ್ಟೇ ಬರೆದಿದ್ದರು ಎಂದಳು ಆಕೆ.

"ಮೇಷ್ಟ್ರೇ, ಚಪ್ಪಲಿ ಬಿಟ್ಟು ನೀವು ಬರ್ರಿ," ಎಂದರು ಡಾಕ್ಟರು.

ಐದಡಿ ಏಳಂಗುಲ! ನೆಲ ಸಮ ಇಲ್ಲವೆಂದು ಮೇಷ್ಟ್ರು ತಕರಾರು ತೆಗೆದರು. ಉಸಿರು ಬಿಗಿಹಿಡಿದು ಅಟೆನ್ಷನ್ನಿನಲ್ಲಿ ನಿಂತರು. ಬೆನ್ನು ಮಾತು ಕೇಳಲಿಲ್ಲ. ಡಾಕ್ಟರು ಬಿಸಿಲು, ಬೀಡಿ, ಮುದ್ದೆಗಳನ್ನು ವಿಚಾರಿಸುತ್ತ ಹೋದರು; ಉತ್ತರಗಳನ್ನೆಲ್ಲ ದ್ಯಾಮಮ್ಮನೇ ಕೊಟ್ಟಳು. ಚಿತ್ರದುರ್ಗಕ್ಕೆ ಹೋಗಿ ಬೆನ್ನುಮೂಳೆ ತೋರಿಸಬೇಕು, ಅಲ್ಲಿಯವರೆಗೆ ಬಗ್ಗಿ ಭಾರ ಎತ್ತಬಾರದು ಎಂದು ಚೀಟಿ ಬಂತು. ಮೇಷ್ಟ್ರಿಗೆ ನಿಜವಾಗಿ ಹೆದರಿಕೆಯಾಯಿತು.

ದಾರಿಯಲ್ಲಿ ಕೊನೆಯ ವಾದ ಹೂಡಿದರು. ಬೆನ್ನು ಬಗ್ಗಿದ್ದರೆ ಜುಬ್ಬ ಮುಂದಕ್ಕೆ ಜೋತು ಬೀಳಬೇಕಿತ್ತಲ್ಲವೆ?

"ಐದು ವರ್ಷದಿಂದ ಮುಂದಿನ ಅಂಚು ನಾನೇ ಮಡಚಿ ಹೊಲೀತಿದೀನಿ," ಎಂದಳು ದ್ಯಾಮಮ್ಮ.

ಮೇಷ್ಟ್ರು ಅಂಚು ತಿರುವಿ ನೋಡಿದರು. ಒಂದರ ಕೆಳಗೊಂದು ಮೂರು ಸಾಲು ಹೊಲಿಗೆ.

"ಒಂದ್ ಮಾತು ಹೇಳ್ಬಾರದಿತ್ತಾ?"

"ಊರ್ ಹುಡುಗ್ರನ್ನೆಲ್ಲಾ ನೆಟ್ಟಗೆ ನಿಂತ್ಕಳ್ರೋ ಅಂತ ಬೈದೋರು ನೀವು. ನಿಮಗೆ ನಾನೆಂಗ್ ಹೇಳ್ಲಿ?"

ಮೇಷ್ಟ್ರು ಬೀಡಿ ಕಟ್ಟನ್ನು ಚರಂಡಿಗೆ ಎಸೆದರು.

ಮರುದಿನ ಅಂಗಳದ ಬಿಸಿಲಲ್ಲಿ ಕೂತು ಅವರು ಮುದ್ದೆ ನುಂಗುತ್ತಿದ್ದಾಗ ಹೊನ್ನಕ್ಕ ಇಣುಕಿದಳು. ದ್ಯಾಮಮ್ಮ ಇನ್ನೂ ಬೆಳೆಯುತ್ತಿದ್ದಾಳೆಯೆ ಎಂದು ಕೇಳಿದಳು.

"ಅದು ಇನ್ಮೇಲೆ ನನ್ನ ಕೈಲೈತೆ ಹೊನ್ನಕ್ಕ," ಎಂದು ಮೇಷ್ಟ್ರು ಇನ್ನೊಂದು ತುತ್ತು ಮುರಿದರು.